ಪೆಟ್ರೋಲ್ ಎಂಜಿನ್ನಿಗೆ ವೇರಿಯಬಲ್ ಜಿಯೊಮೆಟ್ರಿ ಟರ್ಬೊ: ಕರಾವಳಿಯ ವರ್ಕ್‌ಶಾಪಿಗೊಂದು ಸಮಗ್ರ ಮಾರ್ಗದರ್ಶಿ

ಡೀಸೆಲ್ ಕಾರಿನಿಂದ ಬಿಚ್ಚಿದ ವೇರಿಯಬಲ್ ಜಿಯೊಮೆಟ್ರಿ ಟರ್ಬೊವನ್ನು (ವಿಜಿಟಿ), ಅಂದರೆ ಹೊಗೆಯ ಬಲದಿಂದ ಟರ್ಬೈನ್ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ, ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸಬಲ್ಲ ಟರ್ಬೊವನ್ನು, ಪೆಟ್ರೋಲ್ ಎಂಜಿನ್ನಿಗೆ ಕೂರಿಸಬಹುದೇ? ಬೈಕಂಪಾಡಿಯ ಶೆಡ್ಡುಗಳಿಂದ ಮಣಿಪಾಲ, ಸುರತ್ಕಲ್‌ಗಳ ಎಂಜಿನಿಯರಿಂಗ್ ಹಾಸ್ಟೆಲುಗಳವರೆಗೆ ಎಂಜಿನ್ನಿನ ಹುಚ್ಚು ಹತ್ತಿದವರೆಲ್ಲ ಒಮ್ಮೆಯಾದರೂ ಕೇಳುವ ಪ್ರಶ್ನೆ ಇದು. ಕೂರಿಸಬಹುದು. ಆದರೆ ಕೇಳುವವರಲ್ಲಿ ಹೆಚ್ಚಿನವರ ಮುಂದಿನ ಪ್ರಶ್ನೆ, ಎಷ್ಟು ಬೂಸ್ಟ್ (ಟರ್ಬೊ ಒಳತಳ್ಳುವ ಗಾಳಿಯ ಹೆಚ್ಚುವರಿ ಒತ್ತಡ) ಸಿಗುತ್ತದೆ ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ಬೂಸ್ಟ್ ಪಡೆಯಲು ಟರ್ಬೈನಿಗೆ ಮೊದಲು, ಎಂಜಿನ್ನಿನ ಕಡೆ, ಎಷ್ಟು ಒತ್ತಡ ಕಟ್ಟಿಕೊಳ್ಳುತ್ತದೆ? ಈ ಹಿಂದೊತ್ತಡವನ್ನು ಅಳೆಯುವ ತಯಾರಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಹಂತಗಳೆಲ್ಲ ಅದರ ಸುತ್ತಲೇ ಇವೆ.

ಕಾನೂನಿನ ಮಾತನ್ನು ಮೊದಲೇ ಮುಗಿಸುತ್ತೇನೆ. ರಸ್ತೆಯಲ್ಲಿ ಓಡುವ ನೋಂದಾಯಿತ ಕಾರಿಗೆ ಇದನ್ನು ಮಾಡುವಂತಿಲ್ಲ. ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಹಾಗಾಗಿ ಈ ಮಾರ್ಗದರ್ಶಿ ಆಟೊಕ್ರಾಸ್ (ಮಣ್ಣಿನ ಹಾದಿಯ ಸ್ಪರ್ಧೆ) ಕಾರಿಗೆ, ಖಾಸಗಿ ತೋಟದ ರಸ್ತೆಯಲ್ಲಿ ನಡೆಯುವ ಸ್ಪರ್ಧೆಗೆ, ಕಾಲೇಜಿನ ಟೆಸ್ಟ್ ಬೆಂಚಿಗೆ ಮಾತ್ರ.

ಡೀಸೆಲ್‌ನಲ್ಲಿ ಸಲೀಸು, ಪೆಟ್ರೋಲ್‌ನಲ್ಲಿ ಏಕೆ ಕಷ್ಟ

ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳ ಹೊಳೆಗಳಲ್ಲಿರುವ ಕಿಂಡಿ ಅಣೆಕಟ್ಟುಗಳನ್ನು ನೋಡಿದವರಿಗೆ ವಿಜಿಟಿ ಅರ್ಥವಾಗುವುದು ಸುಲಭ. ಹಲಗೆ ಇಳಿಸಿದಷ್ಟೂ ಉಳಿದ ಕಿಂಡಿಯಲ್ಲಿ ನೀರಿನ ರಭಸ ಹೆಚ್ಚುತ್ತದೆ, ಹಿಂದಿನ ನೀರಿನ ಮಟ್ಟವೂ ಏರುತ್ತದೆ. ಟರ್ಬೈನ್ ಚಕ್ರದ ಸುತ್ತ ವೃತ್ತಾಕಾರದಲ್ಲಿ ನಿಂತಿರುವ ಪುಟ್ಟ ವೇನ್‌ಗಳು ಮಾಡುವುದೂ ಇದನ್ನೇ. ಮುಚ್ಚಿದರೆ ಕಡಿಮೆ ಆರ್‌ಪಿಎಂನಲ್ಲೂ ಹೊಗೆ ರಭಸದಿಂದ ಚಕ್ರಕ್ಕೆ ಬಡಿದು ಬೂಸ್ಟ್ ಬೇಗ ಏರುತ್ತದೆ. ಜೊತೆಗೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಒತ್ತಡವೂ ಏರುತ್ತದೆ.

ಡೀಸೆಲ್ ಎಂಜಿನ್ನಿಗೆ ಆ ಒತ್ತಡದಿಂದ ದೊಡ್ಡ ತೊಂದರೆಯಿಲ್ಲ. ಇಜಿಆರ್ ಮೂಲಕ ಹೊಗೆಯನ್ನು ಮತ್ತೆ ಒಳಗೆ ತಳ್ಳಲು ಅದು ಉಪಯೋಗಕ್ಕೂ ಬರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಹಾಗಲ್ಲ. ಎರಡೂ ವಾಲ್ವುಗಳು ತುಸು ತೆರೆದಿರುವ ಓವರ್‌ಲ್ಯಾಪ್ ಹೊತ್ತಿನಲ್ಲಿ ಹೊರಹೋಗಬೇಕಾದ ಬಿಸಿ ಅನಿಲ ಸಿಲಿಂಡರಿನಲ್ಲೇ ಉಳಿಯುತ್ತದೆ, ಹೊಸ ಮಿಶ್ರಣವನ್ನು ಕಾಯಿಸುತ್ತದೆ, ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿದು ಎಂಜಿನ್ ಬಡಿದುಕೊಳ್ಳುವುದು) ಶುರುವಾಗುತ್ತದೆ. ನಾಕಿಂಗ್ ತಪ್ಪಿಸಲು ಟೈಮಿಂಗ್ ಹಿಂದಕ್ಕೆ ಎಳೆದರೆ, ಅಂದರೆ ಕಿಡಿಯನ್ನು ತಡವಾಗಿ ಹಾರಿಸಿದರೆ, ಹೊಗೆಯ ಬಿಸಿ ಇನ್ನಷ್ಟು ಏರುತ್ತದೆ. ಒಂದು ತೊಂದರೆ ಇನ್ನೊಂದನ್ನು ಹುಟ್ಟುಹಾಕುವ ಈ ಸರಪಳಿಯನ್ನು ಎಲ್ಲಿ ಕಡಿಯಬೇಕು ಎಂದು ತಿಳಿಯುವುದೇ ಇಲ್ಲಿನ ಜಾಣ್ಮೆ.

ಇನ್ನೊಂದು ತೊಂದರೆ ಶಾಖದ್ದು. ಡೀಸೆಲ್ ಕಾರಿನ ಹೊಗೆ ಪೂರ್ಣ ಲೋಡಿನಲ್ಲೂ ಸಾಮಾನ್ಯವಾಗಿ 850 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಪೆಟ್ರೋಲಿನದು 950ರಿಂದ 1,050ರವರೆಗೆ ಹೋಗಬಲ್ಲದು. ಡೀಸೆಲ್ ಟರ್ಬೊಗಳ ಟರ್ಬೈನ್ ಹೌಸಿಂಗನ್ನು ಹೆಚ್ಚಾಗಿ ಸಿಲಿಕಾನ್-ಮಾಲಿಬ್ಡಿನಮ್ ಬೆರೆಸಿದ ಎರಕದ ಕಬ್ಬಿಣದಲ್ಲಿ ಮಾಡುತ್ತಾರೆ. ಅದರ ತಾಳಿಕೆ ಸುಮಾರು 850 ಡಿಗ್ರಿಯವರೆಗೆ. ಅದಕ್ಕಿಂತ ಮೇಲೆ ಹೌಸಿಂಗ್ ಬಾಗುತ್ತದೆ, ವೇನ್‌ಗಳ ಪಕ್ಕದಲ್ಲಿರುವ ಅತಿ ಕಿರಿದಾದ ಸಂದು ಮುಚ್ಚಿಹೋಗುತ್ತದೆ, ವೇನ್‌ಗಳು ಸಿಕ್ಕಿಬೀಳುತ್ತವೆ.

ಇದನ್ನು ಗೆದ್ದವರೂ ಇದ್ದಾರೆ. 1989ರ ಶೆಲ್ಬಿ ಸಿಎಸ್‌ಎಕ್ಸ್ ಎಂಬ ಅಮೆರಿಕದ ಪುಟ್ಟ ಕಾರಿನಲ್ಲಿ, ತಯಾರಾದದ್ದು 500 ಮಾತ್ರ, 2.2 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಗ್ಯಾರೆಟ್ ಕಂಪನಿಯ ವೇರಿಯಬಲ್ ಟರ್ಬೊ ಇತ್ತು. 2006ರಲ್ಲಿ ಪೋರ್ಶೆ ಕಂಪನಿ ತನ್ನ 911 ಟರ್ಬೊ ಕಾರಿಗಾಗಿ, ಟರ್ಬೊ ತಯಾರಿಸುವ ಬೋರ್ಗ್‌ವಾರ್ನರ್ ಜೊತೆ ಸೇರಿ, 1,000 ಡಿಗ್ರಿ ತಡೆಯುವ ದುಬಾರಿ ಮಿಶ್ರಲೋಹಗಳಿಂದ ದಾರಿ ಮಾಡಿಕೊಂಡಿತು. ನಮಗೆ ಪಾಠವಾಗುವುದು ಮೂರನೆಯದು. ಫೋಕ್ಸ್‌ವ್ಯಾಗನ್ ತನ್ನ 1.5 ಟಿಎಸ್‌ಐ ಎಂಜಿನ್ನಿನ 130 ಪಿಎಸ್ ಯುರೋಪ್ ಆವೃತ್ತಿಯಲ್ಲಿ ಲೋಹಕ್ಕೆ ಹಣ ಸುರಿಯುವ ಬದಲು ಹೊಗೆಯನ್ನೇ ತಣ್ಣಗಾಗಿಸಿತು. ಇನ್‌ಟೇಕ್ ವಾಲ್ವನ್ನು ಬೇಗ ಮುಚ್ಚುವ ಮಿಲ್ಲರ್ ಸೈಕಲ್‌ನಿಂದ ಹೊಗೆಯ ಬಿಸಿ 880 ಡಿಗ್ರಿಯೊಳಗೆ ಉಳಿಯಿತು. ನಮ್ಮ ಶೆಡ್ಡಿನಲ್ಲಿ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಬದಲಾಯಿಸುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಕಡಿಮೆ ಬೂಸ್ಟ್, ಒಳ್ಳೆಯ ಇಂಧನ ಮತ್ತು ಅಳತೆಯಿಂದ ಅದೇ ದಿಕ್ಕಿನಲ್ಲಿ ಹೋಗಬಹುದು.

ಹಂತ 1: ಲೆಕ್ಕ ಹಾಕಿ ಟರ್ಬೊ ಆರಿಸಿ

ಗುಜರಿ ಅಂಗಡಿಗೆ ಹೋಗುವ ಮೊದಲು ಕಾಗದದ ಮೇಲೆ ಲೆಕ್ಕ ಆಗಬೇಕು. 1.2 ಲೀಟರಿನ ಪೆಟ್ರೋಲ್ ಎಂಜಿನ್ ಎಂದಿಟ್ಟುಕೊಳ್ಳೋಣ. ಗರಿಷ್ಠ 6,000 ಆರ್‌ಪಿಎಂ, ಬೂಸ್ಟ್ 0.6 ಬಾರ್, ಇಂಟರ್‌ಕೂಲರ್ (ಟರ್ಬೊ ತಳ್ಳಿದ ಗಾಳಿಯನ್ನು ತಣಿಸುವ ರೇಡಿಯೇಟರ್) ದಾಟಿದ ಗಾಳಿ 50 ಡಿಗ್ರಿ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆಯುವುದರಿಂದ ನಿಮಿಷಕ್ಕೆ 3,600 ಲೀಟರ್. ತುಂಬುವ ದಕ್ಷತೆ ಶೇ 85 ಎಂದರೆ ಸುಮಾರು 3,060 ಲೀಟರ್. 1.6 ಬಾರ್ ನಿರಪೇಕ್ಷ ಒತ್ತಡದಲ್ಲಿ (ವಾತಾವರಣದ 1 ಬಾರ್ ಸೇರಿಸಿ) ಆ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.73 ಕಿಲೋ. ಗುಣಿಸಿದರೆ ನಿಮಿಷಕ್ಕೆ ಸುಮಾರು 5.3 ಕಿಲೋ ಗಾಳಿ. ಇದರಿಂದ 110 ಅಶ್ವಶಕ್ತಿಯ ಆಸುಪಾಸು ನಿರೀಕ್ಷಿಸಬಹುದು.

ಈಗ 1.3 ಲೀಟರಿನ 90 ಪಿಎಸ್ ವಿಜಿಟಿ ಡೀಸೆಲ್ ಎಂಜಿನ್ ನೋಡಿ. 4,000 ಆರ್‌ಪಿಎಂ, 1.4 ಬಾರ್ ಬೂಸ್ಟ್ ಎಂದು ಇದೇ ಲೆಕ್ಕ ಹಾಕಿದರೆ ಗಾಳಿಯ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಹಾಗಾದರೆ ಅದರ ಟರ್ಬೊ ಸರಿಹೊಂದುತ್ತದೆಯೇ? ಗಾಳಿ ತಳ್ಳುವ ಕಂಪ್ರೆಸರ್ ಬದಿಗೆ ಹೊಂದುತ್ತದೆ, ಟರ್ಬೈನ್ ಬದಿಗೆ ಇಲ್ಲ. ಪೆಟ್ರೋಲಿನ ಹೊಗೆ ಹೆಚ್ಚು ಬಿಸಿ, ಮೇಲಾಗಿ ನಾವು ಅದನ್ನು ಕಡಿಮೆ ಒತ್ತಡದಲ್ಲಿ ಹರಿಸಬೇಕು. ಹಾಗಾಗಿ ಅದೇ ತೂಕದ ಹೊಗೆ ಹೆಚ್ಚು ಜಾಗ ಕೇಳುತ್ತದೆ. ಲೆಕ್ಕ ಹಾಕಿದರೆ ಟರ್ಬೈನಿನ ಹರಿವಿನ ಸಾಮರ್ಥ್ಯ ಸುಮಾರು ಒಂದೂವರೆ ಪಟ್ಟು ಬೇಕಾಗುತ್ತದೆ. ಆದ್ದರಿಂದ ಒಂದು ಮೆಟ್ಟಿಲು ಮೇಲೆ ಹೋಗಿ, 1.5 ಅಥವಾ 1.6 ಲೀಟರ್ ಡೀಸೆಲ್ ಎಂಜಿನ್ನಿನ ವಿಜಿಟಿ ಹುಡುಕಿ. ಇಂಥ ಎಂಜಿನ್ನುಗಳು ನಮ್ಮಲ್ಲಿ ಹೇರಳವಾಗಿ ಓಡಿವೆ, ಟರ್ಬೊ ಸಿಗುವುದು ಕಷ್ಟವಲ್ಲ. ಚಿಕ್ಕದನ್ನು ಹಾಕಿ ಕೆಳಗಿನ ಆರ್‌ಪಿಎಂನಲ್ಲಿ ಚುರುಕು ಪಡೆಯುವ ಆಸೆ ಬೇಡ. ಆ ಚುರುಕನ್ನು ವೇನ್‌ಗಳೇ ಕೊಡುತ್ತವೆ.

ಹಂತ 2: ಬಿಚ್ಚಿ ನೋಡಿ, ಆಮೇಲೆ ಹಣ ಕೊಡಿ

ಅಂಗಡಿಯಲ್ಲೇ ಶಾಫ್ಟನ್ನು ಬೆರಳಿನಿಂದ ಅಲುಗಾಡಿಸಿ. ಅಕ್ಕಪಕ್ಕ ತುಸು ಅಲುಗಾಟ ಸಹಜ, ಆದರೆ ಚಕ್ರ ಹೌಸಿಂಗಿಗೆ ತಾಗಬಾರದು. ಹಿಂದೆ ಮುಂದೆ ಎಳೆದಾಗ ಕೈಗೆ ತಿಳಿಯುವಷ್ಟು ಅಲುಗಾಟವಿದ್ದರೆ ಅಲ್ಲೇ ಬಿಡಿ. ಮೇಲ್ನೋಟಕ್ಕೆ ಹೊಳೆಯುವ ಟರ್ಬೊವನ್ನು ನಂಬಬೇಡಿ. ಹೊರಗಿನ ತುಕ್ಕನ್ನು ತೆಗೆದು ಬೆಳ್ಳಿ ಬಣ್ಣ ಬಳಿಯುವುದು ಹತ್ತು ನಿಮಿಷದ ಕೆಲಸ.

ವರ್ಕ್‌ಶಾಪಿಗೆ ತಂದ ಮೇಲೆ ಟರ್ಬೈನ್ ಹೌಸಿಂಗ್ ಕಳಚಿ. ಒಳಗೆ ವೇನ್‌ಗಳ ಉಂಗುರ ಕಾಣುತ್ತದೆ: ಹತ್ತು ಹನ್ನೆರಡು ವೇನ್‌ಗಳು, ಪ್ರತಿಯೊಂದರ ಹಿಂದೆ ಒಂದು ಪುಟ್ಟ ತೋಳು, ಆ ತೋಳುಗಳನ್ನೆಲ್ಲ ಒಟ್ಟಿಗೆ ತಿರುಗಿಸುವ ಯೂನಿಸನ್ ರಿಂಗ್. ಹೊರಗಿನ ಲಿವರನ್ನು ನಿಧಾನವಾಗಿ ತಿರುಗಿಸುತ್ತ ಒಂದೊಂದೇ ವೇನ್ ಮೇಲೆ ಕಣ್ಣಿಡಿ. ಎಲ್ಲವೂ ಒಂದೇ ಕೋನದಲ್ಲಿ, ಒಂದೇ ಹೊತ್ತಿಗೆ ತಿರುಗಬೇಕು. ಒಂದು ವೇನ್ ತುಸು ತಡವಾಗಿ ಬಂದರೆ ಅದರ ತೋಳಿನ ತುದಿ ಸವೆದಿದೆ ಎಂದರ್ಥ. ಡೀಸೆಲ್ ಮಸಿ ಹಿಡಿದು ಬಿಗಿಯಾಗಿದ್ದರೆ ತೊಳೆದರೆ ಸರಿಹೋಗುತ್ತದೆ, ಸವೆತ ತೊಳೆದರೆ ಹೋಗುವುದಿಲ್ಲ. ಉಂಗುರ ಸವೆದಿದ್ದರೆ ಅದನ್ನು ಇಡಿಯಾಗಿ ಬದಲಾಯಿಸಬೇಕು.

ಮಸಿ ತೆಗೆಯಲು ಮರಳು ಹೊಡೆಯಬೇಡಿ; ವೇನ್‌ಗಳ ಅಂಚು ದುಂಡಾಗಿ ಹೋಗುತ್ತದೆ. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆಯುವುದು ಒಳ್ಳೆಯದು. ಕಾಸ್ಟಿಕ್ ಇರುವ ದ್ರಾವಣದಲ್ಲಿ ಅಲ್ಯುಮಿನಿಯಮ್ ಕಂಪ್ರೆಸರನ್ನು ಮುಳುಗಿಸಬೇಡಿ. ಮತ್ತೆ ಜೋಡಿಸುವಾಗ ಒಳಗೆ ಎಣ್ಣೆ, ಗ್ರೀಸ್ ಯಾವುದನ್ನೂ ಹಚ್ಚಬಾರದು. ಆ ಬಿಸಿಗೆ ಅದು ಕರಕಲಾಗಿ ಮಸಿಗಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೇರಿಂಗ್ ಬದಲಾಯಿಸಿದರೆ ಬ್ಯಾಲೆನ್ಸಿಂಗ್ ಯಂತ್ರವಿರುವ ಟರ್ಬೊ ರಿಪೇರಿಯವರಲ್ಲೇ ಮಾಡಿಸಿ.

ಹಂತ 3: ಸ್ಟಾಪ್ ಸ್ಕ್ರೂ ಮತ್ತು ವೇಸ್ಟ್‌ಗೇಟ್

ಲಿವರಿನ ಪಕ್ಕದಲ್ಲಿ ಲಾಕ್‌ನಟ್ ಇರುವ ಪುಟ್ಟ ಸ್ಕ್ರೂ ಇರುತ್ತದೆ. ವೇನ್‌ಗಳು ಎಷ್ಟರವರೆಗೆ ಮುಚ್ಚಬಹುದು ಎಂಬ ಮಿತಿ ಅದು. ಡೀಸೆಲ್ ಎಂಜಿನ್ನಿಗೆ ಅದನ್ನು ಹರಿವು ಅಳೆಯುವ ಯಂತ್ರದಲ್ಲಿ ಹೊಂದಿಸಿರುತ್ತಾರೆ, ಹಾಗಾಗಿ ರಿಪೇರಿ ಪುಸ್ತಕಗಳು ಅದನ್ನು ಮುಟ್ಟಬೇಡಿ ಎನ್ನುತ್ತವೆ. ಪೆಟ್ರೋಲ್ ಎಂಜಿನ್ನಿಗೆ ಅದನ್ನು ಮುಟ್ಟಲೇಬೇಕು. ಮೂಲ ಸ್ಥಾನವನ್ನು ಗುರುತು ಹಾಕಿಕೊಂಡು, ವೇನ್‌ಗಳು ಪೂರ್ತಿ ಮುಚ್ಚುವ ಮೊದಲೇ ನಿಲ್ಲುವಂತೆ ತಿರುಗಿಸಿ. ಲಿವರಿನ ಒಟ್ಟು ಚಲನೆಯ ಐದನೇ ಒಂದು ಭಾಗ ತೆರೆದೇ ಉಳಿಯುವಂತೆ ಆರಂಭಿಸಿ, ಡೈನೋ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಬೇಕಿದ್ದರೆ ತಿದ್ದಿಕೊಳ್ಳಿ.

ವಿಜಿಟಿಗೆ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೈನ್ ತಪ್ಪಿಸಿ ಹೊರಬಿಡುವ ವಾಲ್ವ್) ಬೇಕಿಲ್ಲ ಎಂಬ ಮಾತು ಡೀಸೆಲ್‌ಗೆ ಸರಿ. ಪೆಟ್ರೋಲ್‌ನಲ್ಲಿ, ಅದರಲ್ಲೂ ಟರ್ಬೊ ಸ್ವಲ್ಪ ಚಿಕ್ಕದೆನಿಸಿದರೆ, ಮ್ಯಾನಿಫೋಲ್ಡಿನಲ್ಲಿ ಒಂದು ಪ್ರತ್ಯೇಕ ವೇಸ್ಟ್‌ಗೇಟ್ ಕೂರಿಸುವುದೇ ವಿವೇಕ. ವೇನ್‌ಗಳು ಪೂರ್ತಿ ತೆರೆದ ಮೇಲೂ ಒತ್ತಡ ಏರುತ್ತಿದ್ದರೆ ಹೊಗೆಗೆ ಇನ್ನೊಂದು ದಾರಿ ಇರಬೇಕು. ವೇನ್ ಸಿಕ್ಕಿಬಿದ್ದ ದಿನ ಎಂಜಿನ್ನನ್ನು ಉಳಿಸುವುದೂ ಅದೇ.

ಹಂತ 4: ಆಕ್ಚುಯೇಟರ್

ಹೆಚ್ಚಿನ ಹಳೆಯ ಡೀಸೆಲ್ ವಿಜಿಟಿಗಳಲ್ಲಿ ವೇನ್‌ಗಳ ಲಿವರನ್ನು ನಿರ್ವಾತದಿಂದ ಎಳೆಯುವ ಆಕ್ಚುಯೇಟರ್ ಇರುತ್ತದೆ. ನಿರ್ವಾತ ಸಿಕ್ಕಾಗ ವೇನ್ ಮುಚ್ಚುತ್ತದೆ, ಕೊಳವೆ ಕಿತ್ತುಹೋದರೆ ತೆರೆದುಕೊಳ್ಳುತ್ತದೆ. ಈ ಗುಣವನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಕೆಲವರು ಇದನ್ನು ತೆಗೆದು ಬೂಸ್ಟ್ ಒತ್ತಡದಿಂದ ವೇನ್ ತೆರೆಯುವ ಡಬ್ಬಿ ಕೂರಿಸುತ್ತಾರೆ. ಸರಳ, ಅಗ್ಗ, ಈಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೂಡ ಬೇಡ. ಆದರೆ ಅದರ ಕೊಳವೆ ಕಳಚಿದರೆ ವೇನ್ ಮುಚ್ಚಿಯೇ ಉಳಿದು ಬೂಸ್ಟ್ ಮಿತಿಮೀರುತ್ತದೆ. ಪಿಸ್ಟನ್ ಒಡೆಯಲು ಅಷ್ಟು ಸಾಕು.

ನಿರ್ವಾತದ ಆಕ್ಚುಯೇಟರನ್ನೇ ಉಳಿಸಿಕೊಂಡರೆ ಒಂದು ಸಂಗತಿ ನೆನಪಿರಲಿ. ಡೀಸೆಲ್‌ನಲ್ಲಿ ಪ್ರತ್ಯೇಕ ನಿರ್ವಾತ ಪಂಪ್ ಇರುತ್ತದೆ. ಪೆಟ್ರೋಲ್‌ನಲ್ಲಿ ನಿರ್ವಾತ ಸಿಗುವುದು ಇನ್‌ಟೇಕ್ ಮ್ಯಾನಿಫೋಲ್ಡಿನಿಂದ, ಬೂಸ್ಟ್ ಬಂದ ಕ್ಷಣದಲ್ಲಿ ಅದು ಇಲ್ಲವಾಗುತ್ತದೆ. ಬೇಕಾದ ಹೊತ್ತಿಗೇ ಇರುವುದಿಲ್ಲ. ಹಾಗಾಗಿ ವಿದ್ಯುತ್ ನಿರ್ವಾತ ಪಂಪ್, ಒಂದು ಸಂಗ್ರಹ ಡಬ್ಬಿ, ಒಂದು ಏಕಮುಖ ವಾಲ್ವ್ ಬೇಕು. ಬ್ರೇಕ್ ಬೂಸ್ಟರಿನ ನಿರ್ವಾತವನ್ನು ಇದರೊಂದಿಗೆ ಹಂಚಿಕೊಳ್ಳಬಾರದು.

ವಿದ್ಯುತ್ ಮೋಟಾರಿನ ಆಕ್ಚುಯೇಟರ್ ಇದ್ದರೆ ಚುರುಕು ಮತ್ತು ನಿಖರತೆ ಎರಡೂ ಹೆಚ್ಚು, ವೇನ್ ಎಲ್ಲಿದೆ ಎಂದು ಅದು ಮರಳಿ ಹೇಳುತ್ತದೆ. ಆದರೆ ಅದರ ಒಳಗಿನ ಬೋರ್ಡ್ ಮೂಲ ಡೀಸೆಲ್ ಈಸಿಯುವಿನ ಭಾಷೆಯನ್ನಷ್ಟೇ ಅರಿಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಹಂತ 5: ಕೂರಿಸುವುದು

ಮ್ಯಾನಿಫೋಲ್ಡನ್ನು ದಪ್ಪ ಸ್ಟೇನ್‌ಲೆಸ್ ಪೈಪಿನಲ್ಲಿ ಬೆಸುಗೆ ಮಾಡಿಸಿ, ಟರ್ಬೊದ ಭಾರಕ್ಕೆ ಬ್ಲಾಕಿನಿಂದ ಬ್ರಾಕೆಟ್ ಕೊಡಿ. ಎಣ್ಣೆ ಹಿಂತಿರುಗುವ ಪೈಪು ಅಗಲವಾಗಿರಲಿ, ಉದ್ದಕ್ಕೂ ಇಳಿಜಾರಿರಲಿ, ಸಂಪಿನ ಎಣ್ಣೆ ಮಟ್ಟಕ್ಕಿಂತ ಮೇಲೆ ಸೇರಲಿ. ಕೆಲವು ಡೀಸೆಲ್ ಟರ್ಬೊಗಳಿಗೆ ನೀರಿನ ತಂಪು ಇರುವುದಿಲ್ಲ; ಪೆಟ್ರೋಲ್‌ಗೆ ನೀರು ಹರಿಯುವ ಬೇರಿಂಗ್ ಹೌಸಿಂಗ್ ಇರುವುದನ್ನೇ ಆರಿಸಿ. ಎಂಜಿನ್ ಆಫ್ ಮಾಡಿದ ಮೇಲೆ ಟರ್ಬೈನಿನ ಬಿಸಿ ಬೇರಿಂಗಿಗೆ ಇಳಿದು ಎಣ್ಣೆ ಕರಕಲಾಗುವುದನ್ನು ಆ ನೀರು ತಡೆಯುತ್ತದೆ.

ಡೀಸೆಲ್ ಟರ್ಬೊದಲ್ಲಿ ಒತ್ತಡದ ಗಾಳಿಯನ್ನು ಹೊರಬಿಡುವ ಬ್ಲೋ-ಆಫ್ ವಾಲ್ವಿಗೆ ಜಾಗ ಇರುವುದಿಲ್ಲ. ಪೆಟ್ರೋಲ್‌ನಲ್ಲಿ ಥ್ರಾಟಲ್ ಮುಚ್ಚಿದಾಗ ತಳ್ಳಿದ ಗಾಳಿ ಹಿಂದಕ್ಕೆ ಬಡಿಯುತ್ತದೆ, ಆದ್ದರಿಂದ ಇಂಟರ್‌ಕೂಲರ್ ಪೈಪಿನಲ್ಲಿ ಆ ವಾಲ್ವ್ ಹಾಕಲೇಬೇಕು. ಇಂಟರ್‌ಕೂಲರ್ ದೊಡ್ಡದಿರಲಿ, ಏಪ್ರಿಲ್ ತಿಂಗಳಿನಲ್ಲಿ ನಮ್ಮೂರಿನ ಗಾಳಿಯೇ 34 ಡಿಗ್ರಿಯಲ್ಲಿ ಒಳಗೆ ಬರುತ್ತದೆ.

ಹಂತ 6: ಅಳತೆಯ ಸಾಧನಗಳು

ಮೂರು ಅಳತೆ ಕಡ್ಡಾಯ: ಇನ್‌ಟೇಕ್‌ನ ನಿರಪೇಕ್ಷ ಒತ್ತಡ, ಟರ್ಬೈನಿಗೆ ಮೊದಲಿನ ಹಿಂದೊತ್ತಡ, ಅದೇ ಜಾಗದ ಹೊಗೆಯ ತಾಪ. ಹಿಂದೊತ್ತಡದ ಸೆನ್ಸರನ್ನು ನೇರವಾಗಿ ಮ್ಯಾನಿಫೋಲ್ಡಿಗೆ ತಿರುಚಿದರೆ ಅದು ಸುಟ್ಟುಹೋಗುತ್ತದೆ. ಮ್ಯಾನಿಫೋಲ್ಡಿನ ನಾಲ್ಕು ಪೈಪುಗಳು ಸೇರುವಲ್ಲಿ ಬಾಸ್ (ಕೊಳವೆ ತಿರುಚಲು ಥ್ರೆಡ್ ಇರುವ ಲೋಹದ ತುಂಡು) ಬೆಸೆದು, ಅರ್ಧ ಮೀಟರಿನಷ್ಟು ತೆಳು ಉಕ್ಕಿನ ಕೊಳವೆಯನ್ನು ಸುರುಳಿ ಸುತ್ತಿ ಮೇಲ್ಮುಖವಾಗಿ ಒಯ್ದು, ಅದರ ತುದಿಯಲ್ಲಿ ಸೆನ್ಸರ್ ಇಡಿ. ಮೇಲ್ಮುಖವಾಗಿ ಒಯ್ದರೆ ಕೊಳವೆಯಲ್ಲಿ ಕೂಡುವ ನೀರು ಸೆನ್ಸರಿಗೆ ಬಾರದೆ ಮ್ಯಾನಿಫೋಲ್ಡಿಗೇ ಇಳಿಯುತ್ತದೆ. ತಾಪಕ್ಕೆ ಕೆ ಟೈಪ್ ಥರ್ಮೊಕಪಲ್ ಸಾಕು. ಇವುಗಳ ಜೊತೆಗೆ ಗಾಳಿ-ಇಂಧನ ಅನುಪಾತ ತಿಳಿಸುವ ವೈಡ್‌ಬ್ಯಾಂಡ್ ಲ್ಯಾಂಬ್ಡಾ ಮತ್ತು ನಾಕ್ ಸೆನ್ಸರ್. ಎಲ್ಲವೂ ಒಂದೇ ಲಾಗಿನಲ್ಲಿ ದಾಖಲಾಗಬೇಕು.

ಹಂತ 7: ಡೈನೋ ಮೇಲೆ ಟ್ಯೂನಿಂಗ್

ಕೆಲಸದ ಜೀವ ಇರುವುದು ಇಲ್ಲಿ, ಅವಸರ ಮಾಡಬೇಡಿ.

ಮೊದಲು ವೇನ್‌ಗಳನ್ನು ಪೂರ್ತಿ ತೆರೆದ ಸ್ಥಿತಿಯಲ್ಲೇ ನಿಲ್ಲಿಸಿ, ಸಿಗುವ ಅಲ್ಪ ಬೂಸ್ಟಿನಲ್ಲಿ ಇಂಧನ ಮತ್ತು ಇಗ್ನಿಷನ್ ಮ್ಯಾಪ್ ಸರಿಮಾಡಿ. ಈಗ ಪಂಪುಗಳಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಶುದ್ಧ ಪೆಟ್ರೋಲಿನ 14.7ರ ಗಾಳಿ-ಇಂಧನ ಅನುಪಾತ ಅದಕ್ಕೆ ಹೊಂದುವುದಿಲ್ಲ, ಅದರದು 13.5ರ ಹತ್ತಿರ. ಹಾಗಾಗಿ ಲ್ಯಾಂಬ್ಡಾದಲ್ಲೇ (ಆಯಾ ಇಂಧನದ ಸರಿಯಾದ ಅನುಪಾತವನ್ನು 1 ಎಂದಿಟ್ಟುಕೊಳ್ಳುವ ಅಳತೆ) ಯೋಚಿಸಿ: ಪೂರ್ಣ ಲೋಡಿನಲ್ಲಿ 0.80ರಿಂದ 0.85. ಎಥೆನಾಲ್ ನಮ್ಮ ಪರವಾಗಿದೆ, ಆವಿಯಾಗುವಾಗ ಹೆಚ್ಚು ತಂಪು ಮಾಡುತ್ತದೆ, ನಾಕಿಂಗ್ ತಡೆಯುತ್ತದೆ. ಆದರೆ ಹೆಚ್ಚು ಇಂಧನ ಕೇಳುತ್ತದೆ, ಇಂಜೆಕ್ಟರ್ ಸಾಮರ್ಥ್ಯ ನೋಡಿಕೊಳ್ಳಿ. ಟೈಮಿಂಗನ್ನು ಆರಂಭದಲ್ಲಿ ಪ್ರತಿ 0.1 ಬಾರ್ ಬೂಸ್ಟಿಗೆ ಒಂದರಿಂದ ಒಂದೂವರೆ ಡಿಗ್ರಿ ಹಿಂದಿಡಿ.

ಆಮೇಲೆ ಡೈನೋವನ್ನು 2,000 ಆರ್‌ಪಿಎಂನಲ್ಲಿ ಹಿಡಿದು, ಥ್ರಾಟಲ್ ಪೂರ್ತಿ ತೆರೆದು, ವೇನ್‌ಗಳನ್ನು ಶೇ 5ರಂತೆ ಮುಚ್ಚುತ್ತ ಬನ್ನಿ. ಪ್ರತಿ ಮೆಟ್ಟಿಲಿನಲ್ಲೂ ಬೂಸ್ಟ್, ಹಿಂದೊತ್ತಡ, ಟಾರ್ಕ್ ಮೂರನ್ನೂ ಬರೆದುಕೊಳ್ಳಿ. ಆರಂಭದಲ್ಲಿ ಮೂರೂ ಏರುತ್ತವೆ. ಒಂದು ಹಂತದಲ್ಲಿ ಬೂಸ್ಟ್ ಏರುತ್ತಲೇ ಇದ್ದರೂ ಟಾರ್ಕ್ ನಿಂತುಬಿಡುತ್ತದೆ; ಇನ್ನೂ ಮುಚ್ಚಿದರೆ ಟಾರ್ಕ್ ಇಳಿಯಲು ಶುರುವಾಗುತ್ತದೆ. ಎಂಜಿನ್ ತಾನು ಗಳಿಸಿದ್ದನ್ನು ಹೊಗೆ ತಳ್ಳಲು ಖರ್ಚು ಮಾಡುತ್ತಿದೆ ಎಂದರ್ಥ. ಟಾರ್ಕ್ ನಿಂತ ಜಾಗಕ್ಕಿಂತ ಒಂದು ಮೆಟ್ಟಿಲು ಹಿಂದೆ ಬಂದರೆ ಅದೇ ಆ ಆರ್‌ಪಿಎಂನ ವೇನ್ ಸ್ಥಾನ. ಬೂಸ್ಟ್ ಗೇಜ್ ಒಂದನ್ನೇ ನೋಡುತ್ತ ಟ್ಯೂನ್ ಮಾಡುವವರಿಗೆ ಈ ಜಾಗ ಎಂದೂ ಕಾಣುವುದಿಲ್ಲ. ಇದೇ ರೀತಿ 2,500, 3,000, 3,500 ಎಂದು ಮೇಲಕ್ಕೆ ಹೋಗಿ ಕೋಷ್ಟಕ ತುಂಬಿಸಿ.

ಒಂದು ಹೊರಮಿತಿ ಇಟ್ಟುಕೊಳ್ಳಿ. ವಾತಾವರಣಕ್ಕಿಂತ ಮೇಲಿನ ಲೆಕ್ಕದಲ್ಲಿ ಹಿಂದೊತ್ತಡ ಬೂಸ್ಟಿನ ಒಂದೂವರೆ ಪಟ್ಟಿನೊಳಗಿದ್ದರೆ ಒಳ್ಳೆಯದು, ಎರಡು ಪಟ್ಟು ಎಂದೂ ದಾಟಬಾರದು. 0.6 ಬಾರ್ ಬೂಸ್ಟಿಗೆ 0.9 ಬಾರ್ ಗುರಿ, 1.2 ಕೊನೆಯ ಗೆರೆ. ಮೇಲಿನ ಆರ್‌ಪಿಎಂನಲ್ಲಿ ಈ ಗೆರೆ ದಾಟಿದರೆ ಬೂಸ್ಟ್ ಇಳಿಸಿ ಅಥವಾ ವೇಸ್ಟ್‌ಗೇಟ್ ತೆರೆಯಿರಿ.

ಕೋಷ್ಟಕ ತಯಾರಾದ ಮೇಲಷ್ಟೇ, ಬೂಸ್ಟ್ ನೋಡಿ ವೇನ್‌ಗಳನ್ನು ತಾನಾಗಿ ತಿದ್ದುವ ಕ್ಲೋಸ್ಡ್ ಲೂಪ್ ನಿಯಂತ್ರಣ ಚಾಲೂ ಮಾಡಿ. ಅದಕ್ಕೆ ವೇನ್ ಸ್ಥಾನವನ್ನು ಶೇ 10ರಷ್ಟು ಮಾತ್ರ ಆಚೀಚೆ ಮಾಡುವ ಅಧಿಕಾರ ಕೊಡಿ. ಪೂರ್ತಿ ಅಧಿಕಾರ ಕೊಟ್ಟರೆ ಬೂಸ್ಟ್ ಗುರಿ ಮುಟ್ಟದಿದ್ದಾಗಲೆಲ್ಲ ಅದು ವೇನ್‌ಗಳನ್ನು ಮುಚ್ಚುತ್ತಲೇ ಹೋಗುತ್ತದೆ. ಎತ್ತರದ ಪ್ರದೇಶದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಸಮುದ್ರಮಟ್ಟದ ಉಡುಪಿಯಲ್ಲಿ ಹೊಂದಿಸಿದ ಕಾರನ್ನು ಘಟ್ಟದ ಮೇಲಿನ ಸ್ಪರ್ಧೆಗೆ ಒಯ್ದರೆ ಗಾಳಿ ತೆಳುವಾಗಿರುತ್ತದೆ. ನಿರಪೇಕ್ಷ ಒತ್ತಡದ ಗುರಿ ಮುಟ್ಟಲು ಟರ್ಬೊ ಹೆಚ್ಚು ತಿರುಗಬೇಕಾಗುತ್ತದೆ. ಎತ್ತರಕ್ಕೆ ತಕ್ಕಂತೆ ಗುರಿಯನ್ನೇ ತುಸು ಇಳಿಸುವ ತಿದ್ದುಪಡಿ ಹಾಕಿ.

ಕಡಿಮೆ ಲೋಡಿನಲ್ಲಿ, ಸಮವೇಗದಲ್ಲಿ ಹೋಗುವಾಗ ವೇನ್‌ಗಳು ತೆರೆದೇ ಇರಲಿ. ಥ್ರಾಟಲ್ ಒತ್ತಿದ ಕೂಡಲೇ ಮುಚ್ಚಲಿ, ಬೂಸ್ಟ್ ಗುರಿ ಮುಟ್ಟುವ ತುಸು ಮೊದಲೇ ತೆರೆಯಲು ಶುರುಮಾಡಲಿ. ಥ್ರಾಟಲ್ ಬಿಟ್ಟ ಕ್ಷಣವೇ ಪೂರ್ತಿ ತೆರೆಯಲಿ. ಮಣ್ಣಿನ ಹಾದಿಯ ತಿರುವಿನಿಂದ ಎರಡನೇ ಗೇರಿನಲ್ಲಿ ಹೊರಬರುವಾಗ ವಿಜಿಟಿಯ ಬೆಲೆ ತಿಳಿಯುತ್ತದೆ: ಕಾಯಬೇಕಾಗಿಲ್ಲ, ಎಳೆತ ಆಗಲೇ ಬಂದಿರುತ್ತದೆ. ಆದರೆ ಅದು ಒಮ್ಮೆಲೇ ಬಂದರೆ ಚಕ್ರ ಜಾರುತ್ತದೆ, ಹಾಗಾಗಿ 2,500ರೊಳಗೆ ವೇನ್ ಮುಚ್ಚುವ ವೇಗವನ್ನು ತುಸು ನಿಧಾನಗೊಳಿಸಿ.

ಕೊನೆಗೆ ರಕ್ಷಣೆ. ಹೊಗೆಯ ತಾಪ 850 ಡಿಗ್ರಿ ಮುಟ್ಟಿದರೆ ವೇನ್ ತೆರೆದು ಮಿಶ್ರಣ ದಟ್ಟವಾಗಲಿ, 900 ಮುಟ್ಟಿದರೆ ಇಂಧನ ಕಡಿತವಾಗಲಿ. ಡೀಸೆಲ್ ಹೌಸಿಂಗ್ ಇಟ್ಟುಕೊಂಡು ಈ ಅಂಕಿಗಳನ್ನು ಸಡಿಲಿಸಬೇಡಿ. ತಾಪ ಇಳಿಯದಿದ್ದರೆ ಟೈಮಿಂಗ್ ಎಷ್ಟು ಹಿಂದಿದೆ ಎಂದು ಮೊದಲು ನೋಡಿ. ಹೆಚ್ಚಾಗಿ ಅಲ್ಲೇ ಕಾರಣ ಸಿಗುತ್ತದೆ, ಆಗ ಬೂಸ್ಟ್ ಇಳಿಸಿ ಟೈಮಿಂಗ್ ಮುಂದಕ್ಕೆ ತನ್ನಿ. ಶಕ್ತಿ ಅಷ್ಟೇ ಉಳಿಯುವುದೂ ಉಂಟು.

ಹಂತ 8: ಉಪ್ಪು ಗಾಳಿ ಮತ್ತು ಮಳೆಗಾಲ

ಡೀಸೆಲ್‌ನಲ್ಲಿ ವೇನ್ ಸಿಕ್ಕಿಬೀಳುವುದು ಮಸಿಯಿಂದ. ಪೆಟ್ರೋಲ್‌ನಲ್ಲಿ ಮಸಿ ಕಡಿಮೆ, ಆದರೆ ಪಣಂಬೂರು, ಮಲ್ಪೆಯ ಗಾಳಿಯಲ್ಲಿ ತುಕ್ಕು ಆ ಕೆಲಸ ಮಾಡುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಮಂಗಳೂರಿನಲ್ಲಿ ಸ್ಪರ್ಧೆಯ ಕಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲೇ ನಿಲ್ಲುವುದು ಸಾಮಾನ್ಯ. ಸೈಲೆನ್ಸರಿನಿಂದ ಒಳಬರುವ ತೇವ ಯೂನಿಸನ್ ರಿಂಗಿನ ಮೇಲೆ ಕೂರುತ್ತದೆ. ಕಾರು ನಿಲ್ಲಿಸುವಾಗ ಸೈಲೆನ್ಸರಿನ ಬಾಯಿ ಮುಚ್ಚಿ. ವಾರಕ್ಕೊಮ್ಮೆ ಆ ಮುಚ್ಚಳ ತೆಗೆದು ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಲಿವರ್ ತುದಿಯಿಂದ ತುದಿಗೆ ಹೋಗುತ್ತದೆಯೇ ನೋಡಿ. ಕೀ ತಿರುಗಿಸಿದಾಗಲೆಲ್ಲ ವೇನ್‌ಗಳು ಒಮ್ಮೆ ಸ್ಟಾಪ್ ಸ್ಕ್ರೂವಿನವರೆಗೆ ಮುಚ್ಚಿ ತೆರೆಯುವಂತೆ ಈಸಿಯುವಿನಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೆಯದು.

ಆಕ್ಚುಯೇಟರ್ ರಾಡಿನ ಪಿನ್ ಮತ್ತು ಕ್ಲಿಪ್ಪನ್ನು ಸ್ಟೇನ್‌ಲೆಸ್ ಉಕ್ಕಿಗೆ ಬದಲಾಯಿಸಿ. ಎಕ್ಸಾಸ್ಟ್ ಸ್ಟಡ್ಡುಗಳಿಗೆ ನಿಕಲ್ ಇರುವ ಆ್ಯಂಟಿ-ಸೀಜ್ ಹಚ್ಚಿ. ಕನೆಕ್ಟರುಗಳ ತಾಮ್ರಕ್ಕೆ ಕಿಲುಬು ಹಿಡಿದರೆ ವೇನ್ ಸ್ಥಾನದ ಸಂಕೇತ ತಪ್ಪು ಬರುತ್ತದೆ, ಈಸಿಯು ಆ ಸುಳ್ಳನ್ನೇ ನಂಬುತ್ತದೆ. ಸಿಲಿಕಾನ್ ಗ್ರೀಸ್ ತುಂಬಿ ಮುಚ್ಚಿ. ಹಿಂದೊತ್ತಡದ ಕೊಳವೆಯನ್ನು ಪ್ರತಿ ಸ್ಪರ್ಧೆಗೆ ಮೊದಲು ಕಳಚಿ, ಗಾಳಿ ಊದಿ ನೋಡಿ. ಅದು ಕಟ್ಟಿಕೊಂಡರೆ ಅಂಕಿ ಏರದೆ ಶಾಂತವಾಗಿ ಕಾಣುತ್ತದೆ, ಎಂಜಿನ್ ಒಳಗೆ ನಡೆಯುವುದು ಬೇರೆಯೇ ಆಗಿರುತ್ತದೆ. ಮಳೆಗಾಲ ಕಳೆದು ಮೊದಲ ಸಲ ಹೊರತೆಗೆಯುವಾಗ ಡೈನೋ ಮೇಲೆ 2,500 ಆರ್‌ಪಿಎಂನ ಒಂದೇ ಬಿಂದುವನ್ನು ಮತ್ತೆ ಅಳೆದು ಹಳೆಯ ಲಾಗಿನ ಜೊತೆ ಹೋಲಿಸಿ. ಅದೇ ವೇನ್ ಸ್ಥಾನಕ್ಕೆ ಬೂಸ್ಟ್ ಮತ್ತು ಹಿಂದೊತ್ತಡ ಮೊದಲಿನಷ್ಟೇ ಇದ್ದರೆ ಮುಂದೆ ಹೋಗಿ, ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಟರ್ಬೈನ್ ಹೌಸಿಂಗ್ ಬಿಚ್ಚಿ ವೇನ್‌ಗಳನ್ನು ನೋಡಿ.